ಸಣ್ಣ ರೂಮು ಕ್ಯಾಮೆರಾದಲ್ಲಿ ದೊಡ್ಡದಾಗಿ ಕಾಣುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಗೆಳೆಯರು ಸೇರಿ 20 ನಿಮಿಷದ ಥ್ರಿಲ್ಲರ್ ಕಿರುಚಿತ್ರ ಮಾಡುತ್ತಿದ್ದೇವೆ. ಒಬ್ಬನನ್ನು ಕೂಡಿ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದಾರೆ, ಕಥೆಯೆಲ್ಲ ಆ ಒಂದೇ ರೂಮಿನಲ್ಲಿ. ಬೇಕಂತಲೇ ನಮ್ಮ ಮಾವನ ಮನೆಯ ಸ್ಟೋರ್ ರೂಮ್ ಆರಿಸಿಕೊಂಡೆವು. 8 ಅಡಿಗೆ 10 ಅಡಿ, ಒಳಗೆ ನಿಂತರೆ ಉಸಿರು ಕಟ್ಟುತ್ತದೆ. ಟೆಸ್ಟ್ ಶೂಟ್ ನೋಡಿದರೆ ಕಲ್ಯಾಣ ಮಂಟಪದ ಥರ ಕಾಣುತ್ತಿದೆ!

ಉತ್ತರ (ಛಾಯಾಗ್ರಾಹಕ): ವೈಡ್ ಲೆನ್ಸ್ (ಹತ್ತಿರದಿಂದಲೇ ಅಗಲವಾದ ದೃಶ್ಯ ಹಿಡಿಯುವ ಲೆನ್ಸ್) ಹಾಕಿದ್ದೀರಿ, ಅಲ್ವಾ? ಹಿಂದೆ ಸರಿಯಲು ಜಾಗ ಇಲ್ಲ, ಬೇರೆ ದಾರಿಯೂ ಇರಲಿಲ್ಲ. ಆದರೆ ವೈಡ್ ಲೆನ್ಸ್ ಹಿಂದಿನ ಗೋಡೆಯನ್ನು ದೂರಕ್ಕೆ ತಳ್ಳಿಬಿಡುತ್ತದೆ. ನಿಜವಾಗಿ ಇಕ್ಕಟ್ಟಾದ ಜಾಗ ತೆರೆಯ ಮೇಲೆ ಇಕ್ಕಟ್ಟಾಗಿ ಕಾಣದೇ ಇರುವುದು ಇದಕ್ಕೇ. ಮೊದಲ ಸಲ ನಾನೂ ಹೀಗೇ ಮೋಸ ಹೋಗಿದ್ದೆ.

1957ರ 'ಟ್ವೆಲ್ವ್ ಆಂಗ್ರಿ ಮೆನ್' ಇನ್ನೊಮ್ಮೆ ನೋಡಿ, ಈ ಸಲ ಸೌಂಡ್ ಆಫ್ ಮಾಡಿ. ನ್ಯೂಯಾರ್ಕಿನ ಒಂದು ಕೋಣೆ, ಹನ್ನೆರಡು ಜನ ಜ್ಯೂರಿಗಳು. ನಿರ್ದೇಶಕ ಸಿಡ್ನಿ ಲುಮೆಟ್ ಕ್ಯಾಮೆರಾವನ್ನು ಮೊದಲು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟರು, ನಡುವೆ ಕಣ್ಣಿನ ಮಟ್ಟಕ್ಕೆ ತಂದರು, ಕೊನೆಯ ಭಾಗದಲ್ಲಿ ಅದಕ್ಕೂ ಕೆಳಗಿಳಿಸಿದರು. ಹೋಗ್ತಾ ಹೋಗ್ತಾ ಲೆನ್ಸೂ ಉದ್ದವಾಯಿತು, ಅಂದರೆ ಕಡಿಮೆ ಅಗಲ ಹಿಡಿದು ಹಿಂದಿನದನ್ನು ಹತ್ತಿರ ತೋರಿಸುವ ಲೆನ್ಸ್. ಹಾಗಾಗಿ ಹಿಂದಿನ ಗೋಡೆ ಬೆನ್ನಿಗೇ ಬಂದು ಅಂಟುತ್ತದೆ, ಮೇಲಿನ ಸೀಲಿಂಗೂ ಫ್ರೇಮಿಗೆ ಬರುತ್ತದೆ. ಕೋಣೆ ಅದೇ, ನಮಗೆ ಮಾತ್ರ ಸೆಖೆ ಏರುತ್ತದೆ.

ಪ್ರಶ್ನೆ: 50 ಎಂಎಂನಂಥ ಉದ್ದ ಲೆನ್ಸ್ ಹಾಕಿದರೆ ಹಿಂದೆ ಸರಿದು ನಾನು ಗೋಡೆಯೊಳಗೇ ನಿಲ್ಲಬೇಕು ಸರ್. ಗೋಡೆ ಒಡೆಯಲು ಮಾವ ಬಿಡಲ್ಲ!

ಉತ್ತರ: ಮಾವನ ಗೋಡೆ ಅವರಿಗೇ ಇರಲಿ. ಹಾಲ್‌ನ ಒಂದು ಮೂಲೆ ಹಿಡಿಯಿರಿ. ಎರಡು ಗೋಡೆ ಅಲ್ಲೇ ಇವೆ, ಮೂರನೆಯದಕ್ಕೆ ಪ್ಲೈವುಡ್ ನಿಲ್ಲಿಸಿ ಅದೇ ಬಣ್ಣ ಬಳಿಯಿರಿ. ನಾಲ್ಕನೆಯ ಕಡೆ ಕ್ಯಾಮೆರಾ. 2010ರ 'ಬರೀಡ್' ಇಡೀ ಶವಪೆಟ್ಟಿಗೆಯೊಳಗೇ ನಡೆಯುತ್ತದೆ. ಆದರೂ ಒಂದೇ ಪೆಟ್ಟಿಗೆ ಸಾಕಾಗಲಿಲ್ಲ, ಬೇರೆ ಬೇರೆ ಶಾಟಿಗೆಂದು ಏಳು ಮಾಡಿಸಿದ್ದರು. 1997ರ 'ಕ್ಯೂಬ್'ನಲ್ಲಿ ಉಲ್ಟಾ. ಕಟ್ಟಿದ್ದು ಒಂದೇ ಪೂರ್ತಿ ಕೋಣೆ. ಗೋಡೆಯ ಬೆಳಕಿನ ಬಣ್ಣ ಬದಲಿಸಿ ಅದನ್ನೇ ಹತ್ತಾರು ಕೋಣೆ ಅಂತ ತೋರಿಸಿದರು.

ಇನ್ನೊಬ್ಬ ಸದಸ್ಯ: ನಮ್ಮ 'ನಿಷ್ಕರ್ಷ' ಮರೆತಿರಾ ಸರ್? 1993ರಲ್ಲೇ ಸುನೀಲ್ ಕುಮಾರ್ ದೇಸಾಯಿ ಒಂದು ಬ್ಯಾಂಕ್ ಕಟ್ಟಡದೊಳಗೆ ನಮ್ಮನ್ನು ಕೂಡಿ ಹಾಕಿದ್ದರು. ಹಾಡೂ ಇಲ್ಲ.

ಉತ್ತರ: ಮರೆಯೋದುಂಟೇ! ಹಾಡು ಇಲ್ಲದ್ದು ಸಣ್ಣ ವಿಷಯ ಅಲ್ಲ. ಹಾಡು ಬಂದರೆ ಪ್ರೇಕ್ಷಕ ಹೊರಗೆ ಹೋಗಿ ಗಾಳಿ ಕುಡಿದು ಬರುತ್ತಾನೆ. ನೀವೂ ನಡುವೆ ಫ್ಲ್ಯಾಶ್‌ಬ್ಯಾಕ್ ಹಾಕಬೇಡಿ. ಟ್ಯೂಬ್‌ಲೈಟೂ ಬೇಡ, ನಟನ ಕೈಯಲ್ಲಿರುವ ಮೊಬೈಲ್ ಬೆಳಕೇ ಸಾಕು. 'ಬರೀಡ್' ಶುರುವಾಗುವುದೇ ಪೂರ್ತಿ ಕತ್ತಲಲ್ಲಿ, ಏದುಸಿರಿನ ಸದ್ದಿನಿಂದ.

ಪ್ರಶ್ನೆ: ಸೌಂಡಿಗೆ ಅಂತ ಫ್ಯಾನ್ ಆಫ್ ಮಾಡಿದರೆ ಹುಡುಗ ಬೆವರಿ ಒದ್ದೆಯಾಗುತ್ತಾನೆ ಸರ್.

ಉತ್ತರ: ಒದ್ದೆಯಾಗಲಿ ಬಿಡಿ, ಅದೇ ಬೇಕಾಗಿರೋದು. ಲುಮೆಟ್ ಚಿತ್ರದಲ್ಲೂ ಎಷ್ಟೋ ಹೊತ್ತಿನವರೆಗೆ ಫ್ಯಾನ್ ತಿರುಗುವುದಿಲ್ಲ. ಆದರೆ ಶಾಟ್ ಮುಗಿದಾಗಲೆಲ್ಲ ಅವನ ಅಂಗಿಯ ಕಂಕುಳು, ಬೆನ್ನಿನ ಫೋಟೋ ತೆಗೆದಿಟ್ಟುಕೊಳ್ಳಿ. ಬೆಳಗ್ಗೆ ಒದ್ದೆ, ಮಧ್ಯಾಹ್ನ ಒಣ ಅಂತಾದರೆ ಎಡಿಟಿಂಗ್ ಟೇಬಲ್ ಮುಂದೆ ಬೆವರುವ ಸರದಿ ನಿಮ್ಮದು.