ಅಪ್‌ಡೇಟ್: ಅಮ್ಮನದು ಮರೆವಲ್ಲ, ಶುಗರ್ ಇಳಿಯುತ್ತಿತ್ತು

ಹೋದ ತಿಂಗಳು ಕೇಳಿದ್ದೆ: 76 ವರ್ಷದ ಅಮ್ಮ ಬೆಳಗಿನ ಜಾವ ಬೆವರುತ್ತಾರೆ, ಏನೇನೋ ಮಾತಾಡುತ್ತಾರೆ, ಇದು ಮರೆವಿನ ಕಾಯಿಲೆಯಾ ಅಂತ.

ನಿಮ್ಮಲ್ಲೊಬ್ಬರು ಹೇಳಿದಂತೆ ಆ ಹೊತ್ತಿಗೇ ಶುಗರ್ ನೋಡಿದೆ. 52! 70ಕ್ಕಿಂತ ಕೆಳಗೆ ಹೋದರೇ ಕಡಿಮೆ ಅಂತ ಲೆಕ್ಕ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. ಕಾಲು ಗಂಟೆಯಲ್ಲಿ "ದನಕ್ಕೆ ಹುಲ್ಲು ಹಾಕಿದ್ಯಾ?" ಅಂತ ಕೇಳಿದರು. ನನಗೆ ಅಳುವೇ ಬಂತು. ಮತ್ತೆ ಇಳಿಯಬಾರದೆಂದು ಗಂಜಿಯೂ ಕೊಟ್ಟೆ.

ಅವತ್ತೇ ಬದಿಯಡ್ಕದಿಂದ ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಹಳೇ ಚೀಟಿಯಲ್ಲಿದ್ದ ಶುಗರ್ ಕಾಯಿಲೆಯ ಮಾತ್ರೆ ಗ್ಲಿಬೆನ್‌ಕ್ಲಮೈಡ್ ಮೇಲೆ ಬೆರಳಿಟ್ಟರು. ಉಂಡರೂ ಉಣ್ಣದಿದ್ದರೂ ಅದು ಶುಗರ್ ಇಳಿಸುವ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಕಿಡ್ನಿ ಸೋತರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಅಮ್ಮನ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ) ಏರಿತ್ತು. ಮೇಲಿಂದ ಏಕಾದಶಿ, ಊಟ ಬಿಟ್ಟರೂ ಮಾತ್ರೆ ಬಿಡುತ್ತಿರಲಿಲ್ಲ! ಬಿಪಿಯ ಮಾತ್ರೆ ಅಟೆನೊಲಾಲ್ ಶುಗರ್ ಇಳಿದಾಗಿನ ನಡುಕ, ಎದೆಬಡಿತವನ್ನು ಮುಚ್ಚಿಡುತ್ತದಂತೆ. ಬೆವರನ್ನಲ್ಲ. ಅದಕ್ಕೇ ನಮಗೆ ಬೆವರು, ಆ ಏನೇನೋ ಮಾತು ಮಾತ್ರ ಕಂಡದ್ದು.

ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1 ಅಂತ ನಾವು ಸುಮ್ನೆ ಬೀಗುತ್ತಿದ್ದೆವು. ಅಮ್ಮನ ಸ್ಥಿತಿಗೆ 8ರ ಒಳಗಿದ್ದರೆ ಸಾಕಂತೆ.

ಎರಡು ದಿನ ಅಲ್ಲೇ ಇಟ್ಟುಕೊಂಡು ನೋಡಿದರು. ಈಗ ಗ್ಲಿಬೆನ್‌ಕ್ಲಮೈಡ್ ನಿಂತಿದೆ, ಬದಲಿಗೆ ಲಿನಾಗ್ಲಿಪ್ಟಿನ್. ಮೂರು ವಾರದಿಂದ 110ಕ್ಕಿಂತ ಕೆಳಗೆ ಹೋಗಿಲ್ಲ. ಏಕಾದಶಿಯ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಅವಲಕ್ಕಿಗೆ ಒಪ್ಪಿದ್ದಾರೆ.