ಅಪ್‌ಡೇಟ್: 57ರ ಬೆಲ್ ಏರ್ ಮನೆಗೆ ಬಂತು!

ಅಮೆರಿಕದ ಸ್ಕಾಟ್ಸ್‌ಡೇಲ್‌ನ ಹಳೇ ಕಾರುಗಳ ಹರಾಜಿನಲ್ಲಿ 1957ರ ಷೆವರ್ಲೆ ಬೆಲ್ ಏರ್ ಕೊಳ್ಳುವಾಗ ಏನೇನು ನೋಡಬೇಕು ಅಂತ ಕೇಳಿದ್ದೆನಲ್ಲ, ಕಾರು ಸಿಕ್ಕಿತು. ಕೆಲಸಕ್ಕೆ ಬಂದದ್ದು, ಎಡ ಮುಂಬಾಗಿಲ ಕಂಬದ ಮೇಲಿನ ವಿನ್ (ಕಾರಿನ ಗುರುತಿನ ನಂಬರ್) ತಗಡು ಓದಿ ಅಂದವರ ಸಲಹೆ. ನಾನು ಮೊದಲು ಮನಸೋತ ಕೆಂಪು ಕಾರಿನ ನಂಬರ್ ‘ವಿಬಿ57’ ಅಂತ ಶುರುವಾಗುತ್ತಿತ್ತು. ಅಂದರೆ ಅದು ಕಡಿಮೆ ದರ್ಜೆಯ 210 ಮಾದರಿ, ಸುಮ್ನೆ ಬೆಲ್ ಏರ್ ವೇಷ ಹಾಕಿತ್ತು! ಅಸಲಿ ವಿ8 (ಎಂಟು ಸಿಲಿಂಡರ್ ಎಂಜಿನ್ನಿನ) ಬೆಲ್ ಏರ್ ಆದರೆ ‘ವಿಸಿ57’ ಇರಬೇಕು. ಅಂಥದ್ದನ್ನೇ ಕೊಂಡೆ.

ಬಟ್ಟೆ ಸುತ್ತಿದ ಅಯಸ್ಕಾಂತದಿಂದ, ಅದು ಅಂಟದ ಕಡೆ ಬಣ್ಣದಡಿ ಮೆತ್ತಿದ ಪುಟ್ಟಿ ಹುಡುಕುವ ಉಪಾಯ ನಡೆಯಲಿಲ್ಲ, ಮಾರುವವರು ಬಣ್ಣ ಮುಟ್ಟಲು ಬಿಡಲಿಲ್ಲ. ಕೂಗಿದ ಬೆಲೆಯ ಮೇಲೆ 10% ಕಮಿಷನ್ ಬೀಳುತ್ತದೆ ಎಂದವರಿಗೆ ಥ್ಯಾಂಕ್ಸ್, ಆ ಲೆಕ್ಕ ಹಿಡಿದೇ ಕೂಗಿದೆ.

ಒಂದು ತಮಾಷೆ: ಪೆಟ್ರೋಲ್ ಮುಚ್ಚಳ ಹುಡುಕಿ ಸುಸ್ತಾಗಬೇಡಿ. ಎಡಗಡೆ ಹಿಂದಿನ ರೆಕ್ಕೆಯ ಕ್ರೋಮ್ ಪಟ್ಟಿಯ ಹಿಂದೆ ಅಡಗಿದೆ.