ಕಂದು ಹಾಕಿದ ಎಮ್ಮೆ, ಗವಳಿಗೆ ಜ್ವರ: ಒಂದೇ ಬ್ರೂಸೆಲ್ಲಾ ಅಂತ ತೋರಿಸೋದು ಹೇಗೆ?

ಪುಣೆ_ಪಶುವೈದ್ಯ: ಮಂಚರ್ ಕಡೆಯ ಕೊಟ್ಟಿಗೆಯೊಂದರಲ್ಲಿ ಎರಡು ಎಮ್ಮೆ 7ನೇ ತಿಂಗಳಿಗೆ ಕಂದು ಹಾಕಿವೆ. ಹಾಲು ಕರೆಯುವವರಿಗೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು. ಎಮ್ಮೆಗಳದ್ದೂ ಜನರದ್ದೂ ಎಲ್ಲ ಸೀರಮ್ಮೂ ರೋಸ್ ಬೆಂಗಾಲ್ (ಬ್ರೂಸೆಲ್ಲಾಕ್ಕೆ ಮಾಡುವ ರಕ್ತಪರೀಕ್ಷೆ) ಪಾಸಿಟಿವ್. ಎರಡೂ ಕಡೆ ಒಂದೇ ಬ್ರೂಸೆಲ್ಲಾ (ದನ-ಎಮ್ಮೆಗಳಲ್ಲಿ ಕಂದು ಹಾಕಿಸುವ, ಮನುಷ್ಯರಿಗೂ ಅಂಟುವ ಬ್ಯಾಕ್ಟೀರಿಯಾ) ಅಂತ ತೋರಿಸಲು ಈ ಸೀರಮ್ಮಿನಿಂದಲೇ ಜೀನೋಮ್ ಸೀಕ್ವೆನ್ಸಿಂಗ್ (ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ ಓದುವುದು) ಆಗುತ್ತದೆಯೇ?

ಕಲ್ಚರ್_ಮೇಜು: ಆಗಲ್ಲ ಸರ್. ರೋಸ್ ಬೆಂಗಾಲ್ ಹಿಡಿಯೋದು ಪ್ರತಿಕಾಯ ಮಾತ್ರ. ಯೆರ್ಸಿನಿಯಾ ಒ:9 ಎಂಬ ಬೇರೆ ಬ್ಯಾಕ್ಟೀರಿಯಾದ ಸೋಂಕಿಗೂ ಅದು ಪಾಸಿಟಿವ್ ಬರಬಹುದು. ಜೀವಂತ ಬ್ಯಾಕ್ಟೀರಿಯಾ ಬೇಕು. ರೋಗಿಯಿಂದ ಆಂಟಿಬಯಾಟಿಕ್ ಶುರುವಾಗುವ ಮೊದಲೇ ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸುವುದು). ಎಮ್ಮೆಯಿಂದ ಮಾಸು, ಯೋನಿಸ್ರಾವ, ನಾಲ್ಕೂ ಮೊಲೆಯ ಹಾಲು. ಸತ್ತ ಕರುವಿನ ಹೊಟ್ಟೆಯ ದ್ರವ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೇದು, ಬೇರೆ ಕ್ರಿಮಿ ಕಡಿಮೆ. ಬೆಳೆಸಲು ಫ್ಯಾರೆಲ್ ಮಾಧ್ಯಮ (ಬೇರೆ ಕ್ರಿಮಿಗಳನ್ನು ತಡೆಯುವ ಆಂಟಿಬಯಾಟಿಕ್ ಇರುವ ಪೋಷಕ), 37 ಡಿಗ್ರಿ, 5–10% ಕಾರ್ಬನ್ ಡೈಆಕ್ಸೈಡ್. 3ನೇ ದಿನಕ್ಕೆ ಏನೂ ಕಾಣಲಿಲ್ಲ ಅಂತ ತಟ್ಟೆ ಎಸೆಯಬೇಡಿ, 10 ದಿನ ಕಾಯಿರಿ. ಸ್ಯಾಂಪಲ್ ಮೇಲೆ ‘ಬ್ರೂಸೆಲ್ಲಾ ಶಂಕೆ’ ಎಂದು ಬರೆಯಲೇಬೇಕು: ತೆರೆದ ಮೇಜಿನ ಮೇಲೆ ತಟ್ಟೆ ಬಿಚ್ಚಿದರೆ ಉಸಿರಿನಲ್ಲೇ ಲ್ಯಾಬಿನವರಿಗೆ ಅಂಟುತ್ತದೆ.

ಜೀನೋಮ್_ಕನ್ನಡಿಗ: ತಳಿ (ಕಲ್ಚರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ) ಸಿಕ್ಕ ಮೇಲೆ ಮೊದಲು ಬ್ರೂಸ್-ಲ್ಯಾಡರ್ ಪಿಸಿಆರ್, ಅಂದರೆ ಬ್ರೂಸೆಲ್ಲಾದ ಪ್ರಭೇದ ಗುರುತಿಸುವ ಡಿಎನ್‌ಎ ಪರೀಕ್ಷೆ. ಮುಖ್ಯವಾಗಿ ದನ-ಎಮ್ಮೆಗಳ ಅಬಾರ್ಟಸ್ಸೋ ಆಡು-ಕುರಿಗಳ ಮೆಲಿಟೆನ್ಸಿಸ್ಸೋ ಗೊತ್ತಾಗುತ್ತದೆ, ದನ-ಎಮ್ಮೆಗಳಿಗೆ ಹಾಕುವ ಎಸ್-19 ಲಸಿಕೆಯ ತಳಿಯೂ ಬೇರೆಯಾಗಿ ಕಾಣುತ್ತದೆ. ಮೆಲಿಟೆನ್ಸಿಸ್ ಬಂದರೆ ಕೊಟ್ಟಿಗೆಯ ಆಡು-ಕುರಿಗಳನ್ನೂ ಪರೀಕ್ಷಿಸಿ. ಜೀನೋಮ್ ಸುಮಾರು 33 ಲಕ್ಷ ಬೇಸ್, ಎರಡು ಕ್ರೋಮೋಸೋಮ್. 50 ಪಟ್ಟು ಓದಿಸಿದರೆ ಎಸ್‌ಎನ್‌ಪಿ (ಡಿಎನ್‌ಎಯ ಒಂದೊಂದು ಅಕ್ಷರದ ವ್ಯತ್ಯಾಸ) ಹೋಲಿಕೆಗೆ ಸಾಕು.

ಎಡವೋದು ಇಲ್ಲಿ: ಬ್ರೂಸೆಲ್ಲಾ ಬಲು ನಿಧಾನ ಬದಲಾಗುತ್ತದೆ. ರೋಗಿ ಮತ್ತು ಎಮ್ಮೆಯ ತಳಿ ನಡುವೆ ಎರಡೋ ಮೂರೋ ವ್ಯತ್ಯಾಸವಷ್ಟೇ ಕಂಡಿತು ಅನ್ನುವ ಮಾತ್ರಕ್ಕೆ ಇದೇ ಎಮ್ಮೆಯಿಂದ ಬಂತು ಅನ್ನಲಾಗದು, ಪಕ್ಕದೂರಿನ ಹಿಂಡಿನಲ್ಲೂ ಅದೇ ತಳಿ ಇರಬಹುದು. ಸುತ್ತಲ ಕೊಟ್ಟಿಗೆಗಳ ತಳಿಯೂ ಹೋಲಿಕೆಗೆ ಬೇಕೇ ಬೇಕು.

ಕಲ್ಚರ್_ಮೇಜು: ರಕ್ತ ತೆಗೆದ ಮೇಲೆ ಚಿಕಿತ್ಸೆ ಮಾತ್ರ ಜೀನೋಮಿಗಾಗಿ ಕಾಯಬಾರದು.